ಮುದಿ ಬೆಕ್ಕಿನ ಮರಳಿನ ಪೆಟ್ಟಿಗೆ

ಬೆಕ್ಕಿಗೆ ಸಂಸ್ಕೃತದಲ್ಲಿ ಮಾರ್ಜಾರವೆಂಬ ಹೆಸರಿದೆಯಷ್ಟೆ. ತೊಳೆಯುವುದು, ಒರಸುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ ಪದ ಅದು. ಸದಾ ಮೈ ನೆಕ್ಕಿ ಮುಖ ಒರಸಿಕೊಳ್ಳುವ ಪ್ರಾಣಿಗೆ ಹಿರಿಯರು ಒಪ್ಪುವ ಹೆಸರನ್ನೇ ಇಟ್ಟರು. ಇಂಥ ಶುಚಿಯ ಪ್ರಾಣಿ ಹತ್ತು ಹನ್ನೊಂದು ವರ್ಷ ನಿಮ್ಮ ಮನೆಯಲ್ಲಿ ಒಪ್ಪವಾಗಿ ಬಾಳಿ, ಒಂದು ದಿನ ಮರಳಿನ ಪೆಟ್ಟಿಗೆಯನ್ನು ಬಿಟ್ಟು ಹಾಸಿಗೆಯ ಮೇಲೋ ನಡುಮನೆಯ ಮೂಲೆಯಲ್ಲೋ ಹೇಸಿಗೆ ಮಾಡಿದರೆ ಏನೆಂದು ತಿಳಿಯಬೇಕು? ಕೊಬ್ಬೆಂದು ತಿಳಿದು ಕೋಲು ಹಿಡಿಯುವವರೇ ಹೆಚ್ಚು. ನಾನೂ ಹಾಗೆ ಮಾಡಿದವನೇ. ತಿದ್ದಲು ತಂದಿದ್ದ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ನಮ್ಮ ಗಂಡುಬೆಕ್ಕು ನಾಲ್ಕು ಹನಿ ಮೂತ್ರ ಮಾಡಿದಾಗ ಅಡಿಕೋಲಿನಿಂದ ಒಂದು ಏಟು ಕೊಟ್ಟೆ. ಆ ನಾಲ್ಕು ಹನಿಗಳು ನಸುಗೆಂಪಾಗಿದ್ದುದನ್ನು ಕಂಡವಳು ನನ್ನ ಮನೆಯಾಕೆ. ಏಟಿಗೆ ಅರ್ಹವಾದದ್ದು ಬೆಕ್ಕಲ್ಲ.

ಅವಸರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಮೂತ್ರದಲ್ಲಿರುವ ಲವಣದ ಹರಳುಗಳೂ ಲೋಳೆಯೂ ಕೂಡಿ ಅಲ್ಲಿ ಬಿರಡೆಯಂತೆ ಕೂರಬಹುದು. ಆಗ ಬೆಕ್ಕು ಮತ್ತೆ ಮತ್ತೆ ಪೆಟ್ಟಿಗೆಗೆ ಹೋಗಿ ತಿಣುಕುತ್ತದೆ, ನರಳುತ್ತದೆ, ಮೂತ್ರದ್ವಾರವನ್ನು ನೆಕ್ಕಿಕೊಳ್ಳುತ್ತದೆ. ಮೂತ್ರ ಮಾತ್ರ ಬಾರದು. ನೋಡುವವರು ಇದನ್ನು ಮಲಬದ್ಧತೆಯೆಂದು ಭ್ರಮಿಸಿ ಹರಳೆಣ್ಣೆ ಕುಡಿಸಲು ಹೊರಡುತ್ತಾರೆ. ಕಟ್ಟಿಕೊಂಡ ಮೂತ್ರದಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ಕೆಡುತ್ತದೆ, ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಆದ್ದರಿಂದ ಬೆಳಗಾಗಲಿ ನೋಡೋಣ ಎನ್ನದೆ, ಸರಿರಾತ್ರಿಯಾದರೂ ಪಶುವೈದ್ಯರನ್ನು ಕಾಣಿರಿ. ನಮ್ಮ ಬೆಕ್ಕಿಗೆ ಕೊಳವೆ ತೂರಿಸಿ ಮೂತ್ರ ತೆಗೆದರು. ಬದುಕಿತು.

ಮುಪ್ಪಿನಲ್ಲಿ ಇದಕ್ಕಿಂತಲೂ ಸಾಮಾನ್ಯವಾದದ್ದು ಮೂತ್ರಪಿಂಡಗಳ ಸವಕಳಿ. ಮನೆಬೆಕ್ಕಿನ ಪೂರ್ವಿಕರು ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನಾಡಿನ ಕಾಡುಬೆಕ್ಕುಗಳು. ಅವಕ್ಕೆ ಬೇಕಾದ ನೀರಿನ ಬಹುಭಾಗ ಬೇಟೆಯಿಂದಲೇ ದೊರಕುತ್ತಿತ್ತು. ಇಲಿಯ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ ತಾನೆ! ಹೀಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ, ವಾಸನೆ ಘಾಟು. ಮೂತ್ರಪಿಂಡಗಳು ಸವೆದಂತೆ ಮೂತ್ರವನ್ನು ಗಟ್ಟಿಮಾಡುವ ಶಕ್ತಿ ಕುಂದುತ್ತದೆ. ಬೆಕ್ಕು ನೀರಾದ ಮೂತ್ರವನ್ನು ಹೆಚ್ಚಾಗಿ ಹೊಯ್ಯುತ್ತದೆ, ಹೋದ ನೀರನ್ನು ತುಂಬಿಕೊಳ್ಳಲು ಬಚ್ಚಲ ಬಕೀಟಿಗೂ ಬಾಯಿ ಹಾಕುತ್ತದೆ. ಚೆನ್ನಾಗಿ ನೀರು ಕುಡಿಯುತ್ತಿದೆಯೆಂದು ನಾವು ಸಂತೋಷಪಡುವುದು ಇಂಥ ಸಮಯದಲ್ಲೇ! ಈ ಚಿಹ್ನೆ ಕಾಣುವ ವೇಳೆಗೆ ಮೂತ್ರಪಿಂಡಗಳ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಳೆದಿರುತ್ತದೆ. ನಾಲ್ಕು ಕಿಲೋ ತೂಕದ ಬೆಕ್ಕು ದಿನಕ್ಕೆ 400 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿದರೆ ಅದು ಖಂಡಿತ ಅತಿಯಾಯಿತು. ಸಕ್ಕರೆ ರೋಗದಲ್ಲಿಯೂ ಇದೇ ಲಕ್ಷಣವುಂಟು. ಥೈರಾಯ್ಡ್ ಗ್ರಂಥಿ ಕೆರಳಿದಾಗಲೂ ಉಂಟು, ಆಗ ಬೆಕ್ಕು ಬಕಾಸುರನಂತೆ ತಿಂದೂ ಬಡವಾಗುತ್ತದೆ. ಇವುಗಳಲ್ಲಿ ಯಾವುದೆಂಬುದನ್ನು ರಕ್ತ ಮತ್ತು ಮೂತ್ರಗಳ ಪರೀಕ್ಷೆಯೇ ಹೇಳಬೇಕು.

ಮೈಯಲ್ಲಿ ನೀರು ಸಾಲದಾದಾಗ ದೊಡ್ಡ ಕರುಳು ಮಲದಲ್ಲಿರುವ ನೀರನ್ನೂ ಹೀರುತ್ತದೆ. ಮಲ ಒಣಗಿ ಗೋಲಿಗಳಾಗುತ್ತದೆ. ಪೆಟ್ಟಿಗೆಯಲ್ಲಿ ನೋವುಂಡ ಬೆಕ್ಕು, ನೋವು ಕೊಟ್ಟದ್ದು ಪೆಟ್ಟಿಗೆಯೇ ಎಂದು ಬಗೆದು ಬೇರೆ ಜಾಗ ಹುಡುಕುತ್ತದೆ. ಒಣ ತಿನಿಸಿಗೆ ಬದಲು ನೀರಿನಂಶವಿರುವ ಮೀನು, ಮಾಂಸಗಳ ಆಹಾರ ಕೊಟ್ಟರೆ, ಎರಡು ಮೂರು ಕಡೆ ಅಗಲ ಬಾಯಿಯ ಪಾತ್ರೆಗಳಲ್ಲಿ ಹೊಸ ನೀರಿಟ್ಟರೆ ಎಷ್ಟೋ ಹಗುರವಾದೀತು. ಮೂತ್ರಪಿಂಡ ಸವೆದ ಬೆಕ್ಕಿನ ಪಥ್ಯವೇ ಬೇರೆ. ಅದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಹಾಲು ನೀರಿಗೆ ಬದಲಾಗದು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ಹಾಲನ್ನವನ್ನೇ ಉಣಿಸಿ ಸಾಕಿದ ನಮ್ಮಂಥ ಮನೆಗಳವರಿಗೆ ಈ ಮಾತು ರುಚಿಸದೆಂದು ಬಲ್ಲೆ.

ರೋಗವಿಲ್ಲದೆ ಬರಿಯ ಕೀಲುನೋವಿನಿಂದಲೂ ಬೆಕ್ಕು ಪೆಟ್ಟಿಗೆಯನ್ನು ಬಿಡುವುದುಂಟು. ಹನ್ನೆರಡು ವರ್ಷ ಮೀರಿದ 100 ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಿಗೆ ಕೀಲು ಸವೆದಿದ್ದುದು ಕಂಡುಬಂತು. ಅಂಥದಕ್ಕೆ ಪೆಟ್ಟಿಗೆಯ ಎತ್ತರದ ಅಂಚು ನಮಗೆ ಬೆಟ್ಟದ ಮೆಟ್ಟಿಲಿದ್ದಂತೆ. ನೋವೆಂದು ಕನಿಕರಪಟ್ಟು ನೀವು ನುಂಗುವ ಪ್ಯಾರಸಿಟಮಾಲ್ ಗುಳಿಗೆಯನ್ನು ಮಾತ್ರ ಕೊಡಬೇಡಿರಿ. ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು.

ಪೆಟ್ಟಿಗೆಯ ಮರಳನ್ನು ದಿನವೂ ಶುಚಿಮಾಡಿರಿ, ಎಷ್ಟು ಗಡ್ಡೆ ಕಟ್ಟಿದೆ, ಬಣ್ಣ ಹೇಗಿದೆ ಎಂದು ನೋಡಿಕೊಳ್ಳಿರಿ. ಅನ್ನದ ತಟ್ಟೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟರೆ ಅದಕ್ಕೂ ಹೇಸಿಗೆಯೇ. ಮಹಡಿ ಮನೆಯಾದರೆ ಕೆಳಗೊಂದು, ಮೇಲೊಂದು ಇರಲಿ. ನಾವು ಹಳೆಯ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ಎರಡು ಅಂಗುಲ ಮಾತ್ರ ಉಳಿಯುವಂತೆ ಕೊಯ್ದು, ಅಂಚನ್ನು ಉಜ್ಜಿ ನುಣುಪು ಮಾಡಿ ಇಟ್ಟೆವು. ಮೊದಲ ದಿನ ಬೆಕ್ಕು ಮೂಸಿ ನೋಡಿ ಹೊರಟುಹೋಯಿತು. ಮರುದಿನದಿಂದ ಅಲ್ಲಿಗೇ ಹೋಗುತ್ತಿದೆ.