ಮನೆಗೆ ಬಂದ ಕ್ಯಾಮರಾ: ಮಕ್ಕಳ ಚಿತ್ರ ತೆಗೆಯುವುದೆಷ್ಟು, ತಿದ್ದುವುದೆಷ್ಟು?

ಬಿ.ಸಿ.ರೋಡ್ ಹೆದ್ದಾರಿ ಕವಲೊಡೆಯುವ ಊರು. ಒಂದು ದಾರಿ ಉಪ್ಪಿನಂಗಡಿ, ಶಿರಾಡಿಯತ್ತ ಸಾಗಿದರೆ ಇನ್ನೊಂದು ಬೆಳ್ತಂಗಡಿ, ಚಾರ್ಮಾಡಿಯತ್ತ ತಿರುಗುತ್ತದೆ. ತಾಲೂಕು ಕಚೇರಿಯ ಕೆಲಸಕ್ಕೆಂದು ಹಳ್ಳಿಗಳಿಂದ ಬಂದ ಕುಟುಂಬಗಳು ಹಿಂದಿರುಗುವ ಮೊದಲು ಸ್ಟುಡಿಯೋದ ಮೆಟ್ಟಿಲು ಹತ್ತಿ, ಬಣ್ಣದ ಪರದೆಯ ಮುಂದೆ ಮಗುವನ್ನು ಕೂರಿಸಿ, ಒಂದೆರಡು ಚಿತ್ರ ತೆಗೆಸಿಕೊಂಡು ಬಸ್ಸು ಹಿಡಿಯುತ್ತಿದ್ದ ಕಾಲವೊಂದಿತ್ತು. 120 ಅಳತೆಯ ರೀಲಿನಲ್ಲಿ ಸಾಮಾನ್ಯವಾಗಿ 12 ಚಿತ್ರ, 35 ಮಿ.ಮೀ. ರೀಲಿನಲ್ಲಿ 36 ಚಿತ್ರ. ಮಗು ಅತ್ತರೆ ಆ ಚಿತ್ರ ಹೋಯಿತೆಂದೇ ಲೆಕ್ಕ.

ಇಂದು ಆ ಮೆಟ್ಟಿಲು ಹತ್ತುವವರು ವಿರಳ. ಮಗು ಹುಟ್ಟಿದ ವಾರದೊಳಗೆ ಮನೆಯವರ ಮೊಬೈಲಿನಲ್ಲಿ ನೂರಾರು ಚಿತ್ರಗಳು ತುಂಬಿರುತ್ತವೆ. ಹಾಗಿದ್ದೂ ನಾಮಕರಣಕ್ಕೆ, ಮೊದಲ ಹುಟ್ಟುಹಬ್ಬಕ್ಕೆ, ಅಷ್ಟಮಿಯ ಮುದ್ದುಕೃಷ್ಣ ವೇಷಕ್ಕೆ ಛಾಯಾಗ್ರಾಹಕನನ್ನು ಮನೆಗೆ ಕರೆಸುವವರು ಇದ್ದಾರೆ. ಹಿಂದೆ ಮಗು ಸ್ಟುಡಿಯೋಗೆ ಬರುತ್ತಿತ್ತು. ಈಗ ಸ್ಟುಡಿಯೋ ಮಗುವಿದ್ದಲ್ಲಿಗೆ ಹೋಗಬೇಕಾಗಿದೆ. ಚಿತ್ರ ತೆಗೆಯುವ ಸಾಧನ ಎಲ್ಲರ ಕೈಯಲ್ಲೂ ಇರುವಾಗ ವೃತ್ತಿಪರನೊಬ್ಬ ಮಾರಬಹುದಾದದ್ದು ಏನು? ಬೆಳಕಿನ ಅರಿವು, ತಾಳ್ಮೆ, ಒಳ್ಳೆಯ ಮುದ್ರಣ ಇವೆಲ್ಲ ಸರಿಯೇ. ಇವೆಲ್ಲಕ್ಕಿಂತ ಹೆಚ್ಚಾಗಿ, ಚಿತ್ರದಲ್ಲಿ ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ. ಈ ವ್ಯವಹಾರ ನಿಂತಿರುವುದು ಅದರ ಮೇಲೆಯೇ.

ಮನೆಯೇ ಸ್ಟುಡಿಯೋ

ನಮ್ಮ ಜಿಲ್ಲೆಯ ಹಳೆಯ ಮನೆಗಳು ಛಾಯಾಗ್ರಾಹಕನಿಗೆ ಅನುಕೂಲವೂ ಹೌದು, ಸವಾಲೂ ಹೌದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಮಾಡುಗಳ ಸ್ವರೂಪವೇ ಬದಲಾಯಿತು. ಹಂಚುಗಳ ನಡುವೆ ಅಲ್ಲಲ್ಲಿ ಕೂರಿಸಿದ ಗಾಜಿನ ಹಂಚಿನಿಂದ ಇಳಿಯುವ ಬೆಳಕು ಮಧ್ಯಾಹ್ನ ನೆಲದ ಮೇಲೆ ಪ್ರಖರವಾಗಿ ಬೀಳುತ್ತದೆ. ಮಗುವನ್ನು ಆ ಬೆಳಕಿನ ನಡುವೆ ಮಲಗಿಸಬಾರದು; ಅದರ ಅಂಚಿನಿಂದ ತುಸು ಹೊರಗೆ ಮಲಗಿಸಿದರೆ ಮುಖದ ನೆರಳು ಮೃದುವಾಗುತ್ತದೆ. ಜಗಲಿಯ ಬೆಳಕು ಬೆಳಗ್ಗೆಯೂ ಇಳಿಹೊತ್ತಿಗೂ ಉತ್ತಮ. ಕಿಟಕಿ ಮಗುವಿನ ಒಂದು ಪಕ್ಕದಲ್ಲಿ, ಬಿಳಿ ಮುಂಡನ್ನೋ ಹಾಸುಬಟ್ಟೆಯನ್ನೋ ಹಿಡಿದವರು ಇನ್ನೊಂದು ಪಕ್ಕದಲ್ಲಿ ಇದ್ದರೆ ಬೇರೆ ದೀಪ ಬೇಕಾಗದು.

ಸವಾಲಿರುವುದು ಬಣ್ಣದಲ್ಲಿ. ಮನೆಯ ಸುತ್ತ ಅಡಿಕೆ ತೋಟವಿದ್ದರೆ ಕಿಟಕಿಯಿಂದ ಬರುವ ಬೆಳಕಿನಲ್ಲಿ ಹಸಿರು ಬೆರೆತಿರುತ್ತದೆ. ಕಾವಿ ಬಣ್ಣದ ನೆಲ ಗಲ್ಲದ ಕೆಳಗೆ ಕೆಂಪನ್ನು ಚೆಲ್ಲುತ್ತದೆ. ಇದರ ಮೇಲೆ ಟ್ಯೂಬ್‌ಲೈಟೂ ಉರಿಯುತ್ತಿದ್ದರೆ ಮೂರು ಬಣ್ಣಗಳ ಬೆಳಕು ಒಂದೇ ಮುಖದ ಮೇಲೆ ಬಿದ್ದು, ಆಮೇಲೆ ಗಣಕಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತರೂ ಮಗುವಿನ ನಿಜವಾದ ಮೈಬಣ್ಣ ಮರಳುವುದಿಲ್ಲ. ದೀಪ ಆರಿಸುವುದು, ನೆಲಕ್ಕೆ ಬಿಳಿ ಬಟ್ಟೆ ಹಾಸುವುದು, ಮೊದಲ ಚಿತ್ರವನ್ನು ಬಿಳಿ ಅಥವಾ ಬೂದು ಕಾಗದ ಇಟ್ಟು ತೆಗೆದು ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ತಿದ್ದುವ ಶ್ರಮದಲ್ಲಿ ಅರ್ಧ ಇಲ್ಲಿಯೇ ಉಳಿಯುತ್ತದೆ.

ಮಲಗಿದ ಮಗುವಿಗೆ ಸೆಕೆಂಡಿನ 125ನೇ ಒಂದು ಭಾಗದ ಷಟರ್ ವೇಗ ಸಾಕು. ಅಂಬೆಗಾಲಿಡುವ ಮಗುವಿಗೆ 250ನೇ ಒಂದು ಭಾಗ ಅಥವಾ ಅದಕ್ಕೂ ವೇಗ ಬೇಕು. ಬೆಳಕು ಸಾಲದಿದ್ದರೆ ಐ.ಎಸ್.ಓ. ಏರಿಸಿ ಚಿತ್ರ ತುಸು ಮರಳುಮರಳಾದರೂ ಅಡ್ಡಿಯಿಲ್ಲ. ಕದಲಿ ಮಸುಕಾದ ಚಿತ್ರವನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಪಡಿಸದು. ಕ್ಯಾಮರಾ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನೆಲದ ಮೇಲೆ ಮಲಗಲು ಹಿಂಜರಿಯುವವನಿಗೆ ಈ ಕೆಲಸ ಹೇಳಿಸಿದ್ದಲ್ಲ.

ಮಗುವಿನ ಸಮಯ, ಮಗುವಿನ ಸುರಕ್ಷೆ

ಹುಟ್ಟಿದ ಎರಡು ವಾರದೊಳಗೆ ಶಿಶುವಿನ ಚಿತ್ರ ತೆಗೆಯುವ ರೂಢಿ ಪಾಶ್ಚಾತ್ಯ ದೇಶಗಳಿಂದ ಮಹಾನಗರಗಳ ಮೂಲಕ ನಮ್ಮಲ್ಲಿಗೂ ಬಂದಿದೆ. ನಮ್ಮ ಮನೆಗಳ ಕ್ರಮ ಬೇರೆ. ಬಾಣಂತಿ ತವರಿನಲ್ಲಿರುತ್ತಾಳೆ, ಅಮೆ ಕಳೆಯುವವರೆಗೆ ಹೊರಗಿನವರ ಪ್ರವೇಶವನ್ನು ಅನೇಕ ಮನೆಗಳಲ್ಲಿ ಇಷ್ಟಪಡುವುದಿಲ್ಲ. ಅದನ್ನು ಗೌರವಿಸುವುದೇ ಲೇಸು. ಎಣ್ಣೆ ಹಚ್ಚಿ ಬಿಸಿನೀರಿನಲ್ಲಿ ಮೀಯಿಸಿ, ಹಾಲು ಕುಡಿಸಿದ ಬಳಿಕ ಮಗು ಗಾಢವಾಗಿ ನಿದ್ರಿಸುತ್ತದೆ ಎಂಬುದು ಮನೆಯ ಹಿರಿಯರಿಗೆಲ್ಲ ಗೊತ್ತು. ಆ ಸಮಯವನ್ನು ಮೊದಲೇ ಕೇಳಿ ತಿಳಿದುಕೊಂಡು ಹೋದವನಿಗೆ ಒಂದು ಗಂಟೆಯಲ್ಲಿ ಆಗುವ ಕೆಲಸ, ತನ್ನ ಅನುಕೂಲಕ್ಕೆ ಹೋದವನಿಗೆ ಇಡೀ ದಿನ ಕಳೆದರೂ ಆಗುವುದಿಲ್ಲ.

ಮಗುವನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈತೊಳೆಯಬೇಕು. ನೆಗಡಿ, ಕೆಮ್ಮು ಇದ್ದ ದಿನ ಕೆಲಸವನ್ನು ಮುಂದೂಡಬೇಕು. ಶಿಶುವು ಗಲ್ಲಕ್ಕೆ ಕೈಕೊಟ್ಟು ತಾನೇ ತಲೆ ಎತ್ತಿಕೊಂಡಂತೆ ಕಾಣುವ ಚಿತ್ರಗಳನ್ನು ನೋಡಿ ಅಂಥದ್ದೇ ಬೇಕೆಂದು ಕೇಳುವವರಿದ್ದಾರೆ. ಎಳೆಯ ಕುತ್ತಿಗೆಗೆ ಆ ಭಾರ ಹೊರುವ ಶಕ್ತಿ ಇಲ್ಲ. ಆ ಚಿತ್ರ ವಾಸ್ತವವಾಗಿ ಎರಡು ಚಿತ್ರಗಳ ಜೋಡಣೆ: ಒಂದರಲ್ಲಿ ಸಹಾಯಕ ತಲೆಯನ್ನು ಹಿಡಿದಿರುತ್ತಾನೆ, ಇನ್ನೊಂದರಲ್ಲಿ ಮುಂಗೈಗಳನ್ನು, ಹಿಡಿದ ಕೈಗಳನ್ನು ಬಳಿಕ ಗಣಕಯಂತ್ರದಲ್ಲಿ ಅಳಿಸಲಾಗುತ್ತದೆ. ತರಬೇತಿ ಪಡೆಯದೆ ಇದಕ್ಕೆ ಕೈಹಾಕಬಾರದು. ತೊಟ್ಟಿಲಲ್ಲಿ ಮಲಗಿದ ಮಗುವಿನ ಸರಳ ಚಿತ್ರ ಇದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ತಿದ್ದುವ ಮೇಜಿನಲ್ಲಿ ಒಂದು ನಿಯಮ

ಹಿಂದೆ ನೆಗೆಟಿವಿನ ಮೇಲೆ ಮೊನಚು ಪೆನ್ಸಿಲಿನಿಂದ ಕಲೆಗಳನ್ನು ಮುಚ್ಚುತ್ತಿದ್ದರು. 1990ರಲ್ಲಿ ಫೋಟೋಶಾಪ್ ಮಾರುಕಟ್ಟೆಗೆ ಬಂದ ಮೇಲೆ ಆ ಕೆಲಸ ಪರದೆಗೆ ಸ್ಥಳಾಂತರಗೊಂಡಿತು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಮುಚ್ಚಿದ ಕಣ್ಣನ್ನು ತೆರೆಯಬಲ್ಲವು, ನಗದ ಮಗುವನ್ನು ನಗಿಸಬಲ್ಲವು. ಸಾಧನ ಎಷ್ಟು ಬದಲಾದರೂ ಒಂದು ಸರಳ ನಿಯಮವನ್ನು ಇಟ್ಟುಕೊಳ್ಳಬಹುದು: ಕೆಲವೇ ದಿನಗಳಲ್ಲಿ ತಾನಾಗಿ ಮಾಯುವುದನ್ನು ತೆಗೆಯಬಹುದು, ಮಗುವಿನೊಡನೆ ಬೆಳೆಯುವುದನ್ನು ಮುಟ್ಟಬಾರದು. ಸೊಳ್ಳೆ ಕಚ್ಚಿದ ಗುರುತು, ಉಗುರಿನ ಗೀರು, ಬಾಯಂಚಿನ ಹಾಲು ಮೊದಲ ಗುಂಪಿನವು. ಮಚ್ಚೆ, ಹುಟ್ಟುಗುರುತು, ಮೂಗಿನ ಆಕಾರ, ಮೈಬಣ್ಣ ಎರಡನೆಯ ಗುಂಪಿನವು. ಕೆನ್ನೆಯ ದೃಷ್ಟಿಬೊಟ್ಟಿನ ವಿಷಯದಲ್ಲಿ ಮನೆಯವರನ್ನೇ ಕೇಳಬೇಕು. ಅದು ಕಲೆಯಲ್ಲ, ಅಜ್ಜಿಯ ಕೈಗುರುತು.

“ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ” ಎಂಬ ಬೇಡಿಕೆ ಈ ವೃತ್ತಿಯಲ್ಲಿರುವ ಯಾರಿಗೂ ಹೊಸದಲ್ಲ. ಗ್ರಾಹಕರು ಹೇಳಿದಂತೆ ಮಾಡಿಕೊಡುವುದು ವ್ಯಾಪಾರಧರ್ಮವೆಂದು ವಾದಿಸಬಹುದು. ಆದರೆ ಚಿತ್ರದೊಳಗಿರುವ ವ್ಯಕ್ತಿಗೆ ಆಗ ಮಾತು ಬರುವುದಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಆಲ್ಬಮ್ ತೆರೆಯುವ ಆ ಹುಡುಗಿಗೆ ಅಲ್ಲಿ ತನ್ನದಲ್ಲದ ಬಣ್ಣ ಕಂಡರೆ, ತನ್ನ ಬಣ್ಣ ಮನೆಯವರಿಗೆ ಬೇಡವಾಗಿತ್ತೆಂಬ ಸಂದೇಶ ಅದರಲ್ಲಿ ಇರುತ್ತದೆ. ಅದನ್ನು ಅಚ್ಚು ಹಾಕಿ ಕೊಟ್ಟವರು ನಾವು. ಇದನ್ನು ಗ್ರಾಹಕರಿಗೆ ಉಪದೇಶವಾಗಿ ಹೇಳಬೇಕಾಗಿಲ್ಲ. ಬೆಳಕು ಸರಿಯಾಗಿರುವ, ಬಣ್ಣ ನಿಜವಾಗಿರುವ ಒಂದು ಪ್ರತಿಯನ್ನೂ ಬಿಳುಪಾಗಿಸಿದ ಒಂದು ಪ್ರತಿಯನ್ನೂ ಪಕ್ಕದಲ್ಲಿಟ್ಟು, ಮಗುವನ್ನೂ ಅಲ್ಲೇ ಎತ್ತಿಕೊಂಡಿರಲು ಹೇಳಿದರೆ ಸಾಕು. ಯಾವುದು ತಮ್ಮ ಮಗು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಅನೇಕ ಬಾರಿ ಬೇಡಿಕೆಗೆ ಕಾರಣ ಮೈಬಣ್ಣವಲ್ಲ, ಚಿತ್ರ ಕತ್ತಲಾಗಿ ಬಂದಿರುವುದು ಅಥವಾ ತೋಟದ ಹಸಿರು ಮುಖಕ್ಕೆ ಹತ್ತಿರುವುದು. ಆ ತಪ್ಪು ನಮ್ಮದು, ಅದನ್ನು ಸರಿಪಡಿಸಲೇಬೇಕು.

ಅಳಿಸಬಾರದ ಬಿಳಿ ಹೊಳಪು

ವೃತ್ತಿಬಾಂಧವರೂ ಪೋಷಕರೂ ಅಗತ್ಯವಾಗಿ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಫ್ಲ್ಯಾಷ್ ಬಳಸಿದ ಚಿತ್ರದಲ್ಲಿ ಕಣ್ಣಿನ ಪಾಪೆ ಕೆಂಪಾಗಿ ಕಾಣುವುದು ಎಲ್ಲರಿಗೂ ಪರಿಚಿತ. ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಬೆಳಕು ಪ್ರತಿಫಲಿಸುವುದೇ ಅದಕ್ಕೆ ಕಾರಣ; ಅದು ಸಹಜ. ಆದರೆ ಪಾಪೆ ಬಿಳಿಯಾಗಿಯೋ ಹಳದಿಯಾಗಿಯೋ ಹೊಳೆದರೆ, ಅದರಲ್ಲೂ ಒಂದು ಕಣ್ಣು ಕೆಂಪಾಗಿದ್ದು ಇನ್ನೊಂದು ಮಾತ್ರ ಹಾಗೆ ಹೊಳೆದರೆ, ಉದಾಸೀನ ಸಲ್ಲದು. ಕ್ಯಾಮರಾ ಹಿಡಿದ ಕೋನದಿಂದಲೂ ಹಾಗಾಗಬಹುದು. ಹುಟ್ಟಿನಿಂದ ಬಂದ ಕಣ್ಣಿನ ಪೊರೆಯೂ ಇರಬಹುದು. ಅಪರೂಪಕ್ಕೆ ಅದು ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನ ಮೊದಲ ಚಿಹ್ನೆಯೂ ಆಗಿರುತ್ತದೆ. ಈ ಕಾಯಿಲೆ ಬಹುಮಟ್ಟಿಗೆ 5 ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ, ಅನೇಕ ವೇಳೆ ಕಣ್ಣೂ ಉಳಿಯುತ್ತದೆ. ಮನೆಯಲ್ಲಿ ತೆಗೆದ ಚಿತ್ರದಲ್ಲಿ ಇದನ್ನು ಮೊದಲು ಗಮನಿಸಿದ ಪೋಷಕರ ಉದಾಹರಣೆಗಳು ಜಗತ್ತಿನಾದ್ಯಂತ ಇವೆ.

ನಾವು ರೂಢಿಯಂತೆ ಕೆಂಪುಕಣ್ಣು ನಿವಾರಿಸುವ ಗುಂಡಿಯನ್ನು ಒತ್ತಿ ಎರಡೂ ಪಾಪೆಗಳನ್ನು ಕಪ್ಪಾಗಿಸಿಬಿಟ್ಟರೆ ಆ ಚಿಹ್ನೆ ನಮ್ಮ ಕೈಯಲ್ಲೇ ಅಳಿದುಹೋಗುತ್ತದೆ. ಆದುದರಿಂದ ತಿದ್ದುವ ಮೊದಲು ಮೂಲ ಚಿತ್ರವನ್ನು ಹಿಗ್ಗಿಸಿ ಎರಡೂ ಕಣ್ಣುಗಳನ್ನು ನೋಡುವುದು ಅಭ್ಯಾಸವಾಗಬೇಕು. ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಬಿಳಿ ಹೊಳಪು ಕಂಡರೆ ರೋಗದ ಹೆಸರು ಹೇಳಿ ಗಾಬರಿಪಡಿಸಬೇಕಾಗಿಲ್ಲ, ನಾವು ವೈದ್ಯರಲ್ಲ. “ಈ ಕಣ್ಣಿನಲ್ಲಿ ಬೆಳಕು ಬೇರೆ ರೀತಿ ಹೊಳೆದಿದೆ, ತಡಮಾಡದೆ ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ” ಎಂದು ಹೇಳಿ ತಿದ್ದದ ಚಿತ್ರವನ್ನು ಕೊಟ್ಟರೆ ಸಾಕು. ಮಂಗಳೂರು, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗಗಳಿವೆ, ಬಿ.ಸಿ.ರೋಡಿನಿಂದ ಬಸ್ಸಿನಲ್ಲಿ ಹೋಗಿಬರುವ ದೂರ. ಹಾಗೆಯೇ ನವಜಾತ ಶಿಶುವಿನ ಮೈ ಹಳದಿಯಾಗಿ ಕಂಡರೆ ಪರದೆಯ ಮೇಲೆ ತಿದ್ದುವ ಮೊದಲು ಮನೆಯವರ ಗಮನಕ್ಕೆ ತರಬೇಕು.

ಪಾಸ್‌ಪೋರ್ಟಿಗೆ ಬೇಕಾದ ಪುಟ್ಟ ಮುಖ

ನಮ್ಮ ತಾಲೂಕಿನಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಊರು ಕಡಿಮೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಭಾವಚಿತ್ರವನ್ನು ಅಲ್ಲಿಯೇ ತೆಗೆದರೂ, 4 ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ 4.5 × 3.5 ಸೆಂ.ಮೀ. ಚಿತ್ರವನ್ನು ಪೋಷಕರೇ ಒಯ್ಯಬೇಕು. ಮಗುವನ್ನು ಬಿಳಿ ಹಾಸಿನ ಮೇಲೆ ಮಲಗಿಸಿ ಮೇಲಿನಿಂದ ತೆಗೆಯುವುದು ಸುಲಭ ಉಪಾಯ, ಹಾಸಿನಲ್ಲಿ ನೆರಿಗೆ, ಮುಖದ ಪಕ್ಕ ನೆರಳು, ಹಿಡಿದವರ ಕೈ ಕಾಣಬಾರದು, ಕಣ್ಣು ತೆರೆದಿರಬೇಕು. ಕ್ಯಾಮರಾದ ಪಟ್ಟಿ ಕೊರಳಲ್ಲಿರಲಿ, ಜಾರಿದರೆ ಕೆಳಗಿರುವುದು ಮಗು. ಇದು ಗುರುತಿನ ದಾಖಲೆ. ಮುಖವನ್ನು ತಿದ್ದಲು ಇಲ್ಲಿ ಅವಕಾಶವೇ ಇಲ್ಲ.

ಹಕ್ಕು ಯಾರದು?

ಮಕ್ಕಳ ಚಂದದ ಚಿತ್ರವನ್ನು ಅಂಗಡಿಯ ಫಲಕಕ್ಕೋ ಸಾಮಾಜಿಕ ಜಾಲತಾಣಕ್ಕೋ ಹಾಕುವುದು ರೂಢಿಯಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರೇ. ಚಿತ್ರ ತೆಗೆದವನಿಗೆ ತನ್ನದೇ ಹಕ್ಕೆಂದು ಅನ್ನಿಸಿದರೂ ಕಾನೂನು ಹಾಗೆ ಹೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶದ ಬಳಕೆಗೆ ಪೋಷಕರ ದೃಢಪಡಿಸಿದ ಒಪ್ಪಿಗೆಯನ್ನು ಬಯಸುತ್ತದೆ; ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಚಿತ್ರವನ್ನು ಎಲ್ಲಿ ಬಳಸಬಹುದು, ಎಲ್ಲಿ ಬಾರದು, ಎಷ್ಟು ವರ್ಷ ಕಾಪಿಡಲಾಗುವುದು ಎಂಬುದನ್ನು ಒಂದು ಪುಟದಲ್ಲಿ ಬರೆದು ಸಹಿ ಪಡೆಯುವುದು ಇಬ್ಬರಿಗೂ ಕ್ಷೇಮ. ಮೀಯಿಸುವಾಗ ತೆಗೆದ, ಮೈಮೇಲೆ ಬಟ್ಟೆಯಿಲ್ಲದ ಚಿತ್ರಗಳನ್ನು ಒಪ್ಪಿಗೆಯಿದ್ದರೂ ಹೊರಗೆ ಹಾಕಬಾರದು.

ಮಳೆ, ಬೂಸ್ಟು ಮತ್ತು ಬೆಲೆ

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಲೆನ್ಸಿಗೂ ಆಲ್ಬಮಿಗೂ ಬೂಸ್ಟು ಹಿಡಿಯುತ್ತದೆ. ಲೆನ್ಸುಗಳನ್ನು ಸಿಲಿಕಾ ಜೆಲ್ ಇಟ್ಟ ಭದ್ರ ಡಬ್ಬಿಯಲ್ಲಿ, ಆಲ್ಬಮನ್ನು ಗೋಡೆಗೆ ತಾಗದ ಕಪಾಟಿನಲ್ಲಿ ಇಡಲು ಗ್ರಾಹಕರಿಗೂ ತಿಳಿಸಬೇಕು. ಗಣಕಯಂತ್ರದ ಕಡತಗಳಿಗೆ ಬೂಸ್ಟು ಹಿಡಿಯದಿದ್ದರೂ ಸಿಡಿಲಿಗೆ ಹಾರ್ಡ್‌ಡಿಸ್ಕ್ ಸುಟ್ಟೀತು. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ಕ್ರಮ ಸುರಕ್ಷಿತ. ತಿದ್ದಿದ ಪ್ರತಿಯೊಡನೆ ಮೂಲ ಪ್ರತಿಯೂ ಉಳಿಯಬೇಕು. 12 × 18 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳಂತೆ ಸುಮಾರು 190 ಲಕ್ಷ ಬಿಂದುಗಳು ಬೇಕಾಗುತ್ತವೆ. ವಾಟ್ಸಾಪಿನಲ್ಲಿ ಕುಗ್ಗಿ ಬಂದ ಚಿತ್ರ ಅದಕ್ಕೆ ಒದಗದು ಎಂಬುದನ್ನು ಮುಂಚಿತವಾಗಿಯೇ ಹೇಳುವುದು ಒಳ್ಳೆಯದು.

ಬೆಲೆ ಕಟ್ಟುವಾಗ ಮನೆಯಲ್ಲಿ ಕಳೆದ ಸಮಯವನ್ನು ಮಾತ್ರ ಲೆಕ್ಕಿಸುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಉದಾಹರಣೆಗೆ, ಹೋಗಿಬರಲು 1 ಗಂಟೆ, ಚಿತ್ರೀಕರಣಕ್ಕೆ 2, ಆಯ್ಕೆ ಮತ್ತು ತಿದ್ದುವಿಕೆಗೆ 4, ಮುದ್ರಣ ಮತ್ತು ಸಂಗ್ರಹಕ್ಕೆ 1 ಗಂಟೆ ಎಂದರೆ ಅದು 8 ಗಂಟೆಯ, ಅಂದರೆ ಒಂದು ಪೂರ್ಣ ದಿನದ ಕೆಲಸ. ಎರಡು ಗಂಟೆಯ ಬೆಲೆಗೆ ಅದನ್ನು ಒಪ್ಪಿಕೊಂಡವನು ತಿದ್ದುವ ಮೇಜಿನಲ್ಲಿ ಅವಸರ ಮಾಡಲೇಬೇಕಾಗುತ್ತದೆ. ಅವಸರದಲ್ಲಿ ಒಂದೇ ಗುಂಡಿಯಿಂದ ಎಲ್ಲ ಮುಖಗಳೂ ಬಿಳುಪಾಗುತ್ತವೆ, ಎಲ್ಲ ಪಾಪೆಗಳೂ ಕಪ್ಪಾಗುತ್ತವೆ.

ಮೊಬೈಲು ಮಾಡುವುದೂ ಅದನ್ನೇ. ವೃತ್ತಿಪರನಿಗೆ ಕೊಡುವ ಹಣ ಆ ಗುಂಡಿ ಒತ್ತುವುದಕ್ಕಲ್ಲ, ಒತ್ತುವ ಮೊದಲು ಒಂದು ಕ್ಷಣ ನಿಂತು ಮಗುವಿನ ಮುಖವನ್ನು ನೋಡುವುದಕ್ಕೆ. ಅದನ್ನು ಬಲ್ಲವನಿಗೆ ಬಿ.ಸಿ.ರೋಡಿನ ಸುತ್ತಲಿನ ಮನೆಗಳ ಬಾಗಿಲು ಮುಂದೆಯೂ ತೆರೆದಿರುತ್ತದೆ.