ವೇಗಶಬ್ದಾರ್ಥವಿಚಾರ

ಬಿಲ್ಲನ್ನು ಬಿಟ್ಟ ಬಾಣವು ಮುಂದಕ್ಕೆ ಹೋಗುತ್ತಲೇ ಇರುವುದಕ್ಕೆ ಕಾರಣವೇನೆಂದು ನೆರೆಮನೆಯ ಹುಡುಗನೊಬ್ಬನು ನನ್ನನ್ನು ಕೇಳಿದನು. ತರ್ಕಸಂಗ್ರಹವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದ ನನಗೆ ಇದು ಸುಲಭವಾಗಿ ತೋರಿತು. “ವೇಗವೇ ಕಾರಣವಪ್ಪಾ” ಎಂದೆನು. ಅವನು ಅದನ್ನೇ ಪರೀಕ್ಷೆಯಲ್ಲಿ ಬರೆದು ಅಂಕವನ್ನು ಕಳೆದುಕೊಂಡು ಬಂದನು. ಉಪಾಧ್ಯಾಯರು ತಪ್ಪೆಂದುದು ನ್ಯಾಯವೇ. ನಾನು ಹೇಳಿದುದೂ ಶಾಸ್ತ್ರವಿರುದ್ಧವಲ್ಲ. ಇವೆರಡೂ ಒಟ್ಟಿಗೆ ಹೇಗೆ ಕೂಡುವುವೆಂದು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ವೈಶೇಷಿಕರ ಮತದಲ್ಲಿ ಬಾಣದ ಮೊದಲನೆಯ ಚಲನವು ನೋದನದಿಂದ, ಎಂದರೆ ಹೆದೆಯ ನೂಕುವಿಕೆಯಿಂದ, ಹುಟ್ಟುವುದು. ಹೆದೆಯ ಸಂಬಂಧ ತಪ್ಪಿದ ಮೇಲೆ ಬಾಣವನ್ನು ನಡೆಯಿಸುವವರಾರು? ಆ ಮೊದಲ ಚಲನವು ಬಾಣದಲ್ಲಿಯೇ ಒಂದು ಸಂಸ್ಕಾರವನ್ನು ಹುಟ್ಟಿಸುವುದೆಂದೂ, ಮುಂದಿನ ಚಲನಗಳಿಗೆಲ್ಲ ಅದೇ ಕಾರಣವೆಂದೂ, ಅದು ತೀರಿದಾಗ ಗುರುತ್ವದಿಂದ ಬಾಣವು ಬೀಳುವುದೆಂದೂ ಕಣಾದನ ಅಭಿಪ್ರಾಯ. ಪ್ರಶಸ್ತಪಾದನು ಸಂಸ್ಕಾರವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕವೆಂದು ಮೂರಾಗಿ ವಿಭಾಗಿಸಿರುವನು. ಅನುಭವವು ಆತ್ಮನಲ್ಲಿ ಉಳಿಸಿದ ಭಾವನೆಯು ಸ್ಮೃತಿಗೆ ಕಾರಣವಾಗುವಂತೆ, ಚಲನವು ದ್ರವ್ಯದಲ್ಲಿ ಉಳಿಸಿದ ವೇಗವು ಮುಂದಿನ ಚಲನಕ್ಕೆ ಕಾರಣ. ಈ ಸಾದೃಶ್ಯವು ಬಹು ಸೊಗಸಾದುದು. ಸ್ಪರ್ಶವುಳ್ಳ ದ್ರವ್ಯದ ಸಂಯೋಗವಿಶೇಷದಿಂದ ವೇಗವು ನಾಶವಾಗುವುದೆಂಬುದನ್ನೂ ಆತನು ಗಮನಿಸಿರುವನು. ಹೀಗೆ ಇಲ್ಲಿ ವೇಗವೆಂದರೆ ಚಲನದ ಕಾರಣವಾದ ಒಂದು ಗುಣ.

ಇಂದಿನ ಭೌತಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ ಅದೇ ಶಬ್ದಕ್ಕೆ ಬೇರೆ ಅರ್ಥ. ಒಂದು ವಸ್ತುವು ಒಂದು ಸೆಕೆಂಡಿನಲ್ಲಿ ಯಾವ ದಿಕ್ಕಿಗೆ ಎಷ್ಟು ದೂರ ಸರಿಯುವುದೆಂಬ ಪರಿಮಾಣವೇ ವೇಗ. ದಿಕ್ಕನ್ನು ಬಿಟ್ಟರೆ ಅದು ಜವ. ಇದು ಚಲನದ ಅಳತೆಯೇ ಹೊರತು ಕಾರಣವಲ್ಲ. ಚಲಿಸುವುದಕ್ಕೆ ವೇಗವೇ ಕಾರಣವೆಂದರೆ ಉದ್ದವಾಗಿರುವುದಕ್ಕೆ ಉದ್ದವೇ ಕಾರಣವೆಂದಂತಾಗುವುದು.

ಆದರೆ ಭೇದವು ಶಬ್ದದಲ್ಲಿ ಮಾತ್ರವಿಲ್ಲ, ಪ್ರಶ್ನೆಯಲ್ಲಿಯೇ ಉಂಟು. ಚಲನವು ಮುಂದುವರಿಯುವುದಕ್ಕೆ ಕಾರಣವೇನೆಂದು ವೈಶೇಷಿಕರು ಕೇಳಿದರು. ಯವನದೇಶದ ಅರಿಸ್ಟಾಟಲನೂ ಇದನ್ನೇ ಕೇಳಿ, ಸುತ್ತಲಿನ ಗಾಳಿಯೇ ನೂಕುವುದೆಂದು ದುರ್ಬಲವಾದ ಉತ್ತರವನ್ನು ಕೊಟ್ಟನು. ಈ ಭಾಗದಲ್ಲಿ ನಮ್ಮವರ ಉತ್ತರವೇ ಮೇಲು. 1687ರಲ್ಲಿ ಪ್ರಕಟವಾದ ನ್ಯೂಟನ್ನನ ಗ್ರಂಥವು, ಗೆಲಿಲಿಯೋ ಮೊದಲಾದವರು ತೋರಿದ ದಾರಿಯಲ್ಲಿ, ಆ ಪ್ರಶ್ನೆಯನ್ನೇ ಕೈಬಿಟ್ಟಿತು. ಒಂದೇ ದಿಕ್ಕಿನಲ್ಲಿ ಒಂದೇ ವೇಗದಿಂದ ನಡೆಯುವ ಚಲನಕ್ಕೆ ಕಾರಣವೇ ಬೇಕಿಲ್ಲ. ವೇಗವು ಹೆಚ್ಚುವುದಕ್ಕೆ, ಕುಗ್ಗುವುದಕ್ಕೆ, ದಿಕ್ಕು ಬದಲಾಗುವುದಕ್ಕೆ ಕಾರಣ ಬೇಕು. ಆ ಕಾರಣದ ಹೆಸರು ಬಲ.

ಎಳೆಯುವುದನ್ನು ಬಿಟ್ಟರೆ ತೇರು ನಿಂತುಹೋಗುವುದಲ್ಲವೇ ಎಂಬ ಪೂರ್ವಪಕ್ಷವು ಸಹಜವಾದುದು. ಅದನ್ನು ನಿಲ್ಲಿಸುವುದೂ ಒಂದು ಬಲವೇ, ಘರ್ಷಣೆ. ನೂರು ಕಿಲೋಗ್ರಾಂ ತೂಗುವ ತಳ್ಳುಗಾಡಿಯೊಂದನ್ನು 300 ನ್ಯೂಟನ್ ಬಲದಿಂದ ತಳ್ಳುತ್ತಿರುವರೆಂದೂ, ಘರ್ಷಣೆಯು 200 ನ್ಯೂಟನ್ನಿನಷ್ಟು ಹಿಂದಕ್ಕೆ ಎಳೆಯುತ್ತಿರುವುದೆಂದೂ ಭಾವಿಸೋಣ. ಮಿಕ್ಕ 100 ನ್ಯೂಟನ್ನಿನಿಂದ ಗಾಡಿಯ ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಷ್ಟು ಏರುವುದು. ಈಗ ತಳ್ಳುವವನು ತನ್ನ ಬಲವನ್ನು 200ಕ್ಕೆ ಇಳಿಸಿದರೆ ಗಾಡಿ ನಿಲ್ಲುವುದೆಂದು ಅನೇಕರು ಹೇಳುವರು. ನಿಲ್ಲುವುದಿಲ್ಲ. ಎರಡು ಬಲಗಳೂ ಸಮನಾಗಿ, ಗಾಡಿಯು ಆಗ ಪಡೆದಿದ್ದ ವೇಗದಲ್ಲಿಯೇ ಸಾಗುವುದು. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಉಳಿದುದು ಲೆಕ್ಕ ಮಾತ್ರ. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಯು ಘರ್ಷಣೆಯಿಲ್ಲದ ಅಂತರಿಕ್ಷದಲ್ಲಿ, ಮುಂದಕ್ಕೆ ನೂಕುವ ಯಂತ್ರದ ಸಹಾಯವಿಲ್ಲದೆ, ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ ಸೂರ್ಯನಿಂದ ದೂರ ಸರಿಯುತ್ತಿದೆ.

ಬೀಳುವ ಕಲ್ಲಿನ ವಿಷಯದಲ್ಲಿ ಪ್ರಶಸ್ತಪಾದನ ಸೂಕ್ಷ್ಮತೆಯು ಇನ್ನೂ ಹೆಚ್ಚಿನದು. ಮೊದಲನೆಯ ಪತನಕ್ರಿಯೆಗೆ ಗುರುತ್ವವೊಂದೇ ಕಾರಣ, ಎರಡನೆಯದರಿಂದ ಮುಂದಕ್ಕೆ ಗುರುತ್ವವೂ ವೇಗವೂ ಕೂಡಿ ಕಾರಣವೆಂದು ಆತನ ಮತ. ಬೀಳುತ್ತ ಬೀಳುತ್ತ ಕಲ್ಲಿನ ಓಟವು ಹೆಚ್ಚುವುದನ್ನು ವಿವರಿಸಲು ಇದಕ್ಕಿಂತ ಹತ್ತಿರದ ಮಾತು ಬೇಕಿಲ್ಲ. ಆದರೆ ಎಷ್ಟು ಹೆಚ್ಚುವುದೆಂಬ ಲೆಕ್ಕ ಅಲ್ಲಿಲ್ಲ. ಭೂಮಿಯ ಸಮೀಪದಲ್ಲಿ ಗಾಳಿಯ ತಡೆಯನ್ನು ಬಿಟ್ಟರೆ ಅದು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರು.

ಈಚೆಗೆ ಕಣಾದನು ನ್ಯೂಟನ್ನನ ಮೂರು ನಿಯಮಗಳನ್ನೂ ಮೊದಲೇ ಹೇಳಿದನೆಂಬ ಮಾತು ಹರಡಿರುವುದು. ಕರ್ಮವು ತನ್ನ ಕಾರ್ಯದಿಂದ ನಾಶಹೊಂದುವುದೆಂಬ ಸೂತ್ರವನ್ನು ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯುಂಟೆಂಬುದಾಗಿ ಅರ್ಥಮಾಡುವವರೂ ಉಂಟು. ಅನ್ವಯವನ್ನು ಬಲ್ಲವರು ಇದನ್ನು ಒಪ್ಪಲಾರರು. ಪರರ ಆಭರಣವನ್ನು ತೊಡಿಸಿದರೆ ಆ ಋಷಿಯ ಸ್ವಂತದ ವಿಚಾರವೇ ಮರೆಯಾಗುವುದು.

ಶಬ್ದದ ಗೊಂದಲವು ನಮಗೊಬ್ಬರಿಗೇ ಬಂದುದಲ್ಲ. ನ್ಯೂಟನ್ನನೂ ಜಡತ್ವವನ್ನು ಲ್ಯಾಟಿನ್ನಿನಲ್ಲಿ ದ್ರವ್ಯದ ಸಹಜಬಲವೆಂದೇ ಕರೆದಿರುವನು. ಹಳೆಯ ಅರ್ಥದ ನೆರಳು ಅಲ್ಲಿಯೂ ಉಳಿದಿತ್ತು. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗವು ಪ್ರಾಚೀನರ ವೇಗಕ್ಕೆ ಸ್ವಲ್ಪ ಸಮೀಪವಾದರೂ ಅದೂ ಕಾರಣವಲ್ಲ, ಪರಿಮಾಣವೇ. ಆದುದರಿಂದ ನಿಘಂಟುಕಾರರು ವೇಗಶಬ್ದದ ಕೆಳಗೆ ಈ ಎರಡು ಅರ್ಥಗಳನ್ನೂ ಬೇರೆಬೇರೆಯಾಗಿ, ಯಾವ ಶಾಸ್ತ್ರದ್ದೆಂಬ ಸೂಚನೆಯೊಡನೆ, ಕೊಡುವುದು ಯುಕ್ತವೆಂದು ತೋರುವುದು. ಹುಡುಗನಿಗೆ ನಾನು ಈಗ ತಿದ್ದಿ ಹೇಳಿರುವೆನು: ಹಾರುವ ಬಾಣದ ಮೇಲೆ ಕೆಳಕ್ಕೆಳೆಯುವ ಭೂಮಿಯ ಆಕರ್ಷಣವೂ ಅಡ್ಡಿಮಾಡುವ ಗಾಳಿಯೂ ಉಂಟು, ಮುಂದಕ್ಕೆ ನೂಕುವ ಬಲವು ಯಾವುದೂ ಇಲ್ಲ.