ನಿಮಗಿದು ಗೊತ್ತೆ? ದಪ್ಪ ಕನ್ನಡಕ ಮಾಯವಾದ ಬಗೆ

ಸೋಮವಾರಪೇಟೆಯ ಹಿರಿಯರನ್ನು ಕೇಳಿ ನೋಡಿ. ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡವರೆಲ್ಲ ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದರು. ತೋಟದ ಇಳಿಜಾರಿನಲ್ಲಿ ಅದು ಬಿದ್ದು ಒಡೆದರೆ ಮತ್ತೆ ಕುರುಡೇ!

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಲಕ್ಷಾಂತರ ಮಂದಿಗೆ ದೃಷ್ಟಿ ಮರಳಿಸಿದ ಮಹಾನುಭಾವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆ ಸೇರಿದವರು. ಅಂದಿನ ಕ್ರಮದಲ್ಲಿ ಮಸೂರವನ್ನು ಅದರ ಚೀಲದ ಸಮೇತ ತೆಗೆಯುತ್ತಿದ್ದರು. ಅದರ ಕೆಲಸವನ್ನು ಕನ್ನಡಕವೇ ಮಾಡಬೇಕಿತ್ತು.

ಕಣ್ಣೊಳಗೇ ಕೃತಕ ಮಸೂರ ಕೂರಿಸಿದರೆ ಬಡವರ ಶಿಬಿರಗಳಲ್ಲೂ ಸುರಕ್ಷಿತವೇ? ಉತ್ತರ ಹುಡುಕಿದ್ದು ಮಧುರೆಯಲ್ಲಿ ನಡೆದ ಒಂದು ಅಧ್ಯಯನ. ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ 3,400 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಕ್ರಮ, ಇನ್ನೊಂದಕ್ಕೆ ಕೃತಕ ಮಸೂರ ಎಂದು ಒಂದು ವರ್ಷ ಗಮನಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಕೃತಕ ಮಸೂರದ ಪರವಾಗಿತ್ತು: ದೃಷ್ಟಿ ಉತ್ತಮ, ತೊಡಕೂ ಕಡಿಮೆ.

ಮುಂದಿನ ಪ್ರಶ್ನೆ ಯಂತ್ರದ್ದು. ಪೊರೆ ತೆಗೆಯಲು ದುಬಾರಿ 'ಫೇಕೊ' ಯಂತ್ರವೇ ಬೇಕೆ, ಸಣ್ಣ ಗಾಯ ಮಾಡಿ ಕೈಯಿಂದಲೇ ತೆಗೆಯುವ ಕೈಚಳಕ ಸಾಕೆ? ನೇಪಾಳದಲ್ಲಿ 108 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಆರು ತಿಂಗಳ ನಂತರ ಎರಡೂ ಗುಂಪಿನ ಶೇ. 98 ಮಂದಿಗೆ ಉತ್ತಮ ದೃಷ್ಟಿ ಬಂದಿತ್ತು. ಕೈಯಿಂದ ಮಾಡಿದ್ದಕ್ಕೆ ಹಿಡಿದ ಸಮಯ ಸುಮಾರು 9 ನಿಮಿಷ, ಯಂತ್ರಕ್ಕೆ 15 ನಿಮಿಷಕ್ಕೂ ಹೆಚ್ಚು. ಖರ್ಚೂ ಕಡಿಮೆ. ಬಡ ರೋಗಿಗಳ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಯಾವುದಿದೆ?

ಇನ್ನೊಂದು ಮಾತು. ಪೊರೆ 'ಹಣ್ಣಾಗಲಿ' ಎಂದು ಈಗ ಕಾಯಬೇಕಿಲ್ಲ. ಮನೆಯ ಹಿರಿಯರಿಗೆ ಮಂಜು ಕವಿದಂತೆ ಕಾಣುತ್ತಿದ್ದರೆ ಕಣ್ಣಿನ ವೈದ್ಯರಿಗೆ ಬೇಗ ತೋರಿಸಿ.